ಮದ್ದಿನ ಜಾಡು

ಕನ್ನಡದಲ್ಲಿ ‘ಮದ್ದು’ ಎಂಬ ಶಬ್ದಕ್ಕೆ ಮೂರು ಅರ್ಥಗಳುಂಟು. ಕಾಯಿಲೆಯನ್ನು ಕಳೆಯುವ ಔಷಧವೂ ಮದ್ದು. ಕೋವಿ ಫಿರಂಗಿಗಳಿಗೆ ತುಂಬುವ ಪುಡಿಯೂ ಮದ್ದು. ‘ಯಾರೋ ಮದ್ದು ಹಾಕಿದ್ದಾರೆ’ ಎಂದು ಹಳ್ಳಿಯ ಜನ ಪಿಸುಗುಟ್ಟುವಾಗ ಅನ್ನದಲ್ಲಿ ಬೆರೆಸಿಕೊಟ್ಟ ವಿಷವೂ ಮದ್ದೇ. ಜೀವ ಉಳಿಸುವುದನ್ನೂ ಜೀವ ತೆಗೆಯುವುದನ್ನೂ ಒಂದೇ ಮಾತಿನಿಂದ ಕರೆದ ನಮ್ಮ ಹಿರಿಯರು ಅಜಾಗರೂಕರಾಗಿದ್ದರೆಂದು ತಿಳಿಯಬೇಕಾಗಿಲ್ಲ. ಅಳತೆ ತಪ್ಪಿದರೆ, ದಾರಿ ತಪ್ಪಿದರೆ, ಒಂದು ಇನ್ನೊಂದಾಗುತ್ತದೆ ಎಂಬ ಅರಿವು ಅವರಿಗಿದ್ದೀತು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಇಂದಿಗೂ ಇವೆ. ಅವುಗಳಲ್ಲಿ ಒಂದನ್ನು 2017ರಲ್ಲಿ ಜೋಡಿ ರೈಲುಹಾದಿಯ ಸಲುವಾಗಿ ಇದ್ದಂತೆಯೇ ಎತ್ತಿ ಬೇರೆಡೆಗೆ ಸರಿಸಿದ್ದು ಅನೇಕರ ನೆನಪಿನಲ್ಲಿರಬಹುದು. ಆ ಮನೆಗಳಲ್ಲಿದ್ದ ಮದ್ದಿನ ದಾರಿ ಕಣ್ಣಿಗೆ ಕಾಣುವಂಥದು: ಕಿಡಿ, ಹೊಗೆ, ಗುಂಡು, ಬಿರಿದ ಗೋಡೆ. ಆದರೆ ನಾವು ನುಂಗುವ ಮದ್ದಿನ ದಾರಿ ಹಾಗಲ್ಲ. ಗಂಟಲಿನಿಂದ ಇಳಿದ ಮೇಲೆ ಅದು ಎಲ್ಲಿಗೆ ಹೋಯಿತು, ಹೋಗಬೇಕಾದ ಕಡೆಗೇ ಹೋಯಿತೇ, ಅಲ್ಲಿ ಎಷ್ಟು ಹೊತ್ತು ನಿಂತಿತು, ಏನಾಗಿ ಮಾರ್ಪಟ್ಟಿತು? ಈ ಪ್ರಶ್ನೆಗಳಿಗೆ ಬಹುಕಾಲ ಉತ್ತರವಿರಲಿಲ್ಲ. ಕೊಟ್ಟದ್ದು ಗೊತ್ತು, ಆದ ಪರಿಣಾಮ ಗೊತ್ತು, ನಡುವಿನದು ಕತ್ತಲೆ. ಆ ಕತ್ತಲೆಯನ್ನು ನಾವು ‘ಕೈಗುಣ’ ಎಂಬ ಮಾತಿನಿಂದ ತುಂಬಿಕೊಂಡಿದ್ದೆವು. ಅದೇ ಔಷಧವನ್ನು ಇಬ್ಬರು ವೈದ್ಯರು ಕೊಟ್ಟಾಗ ಒಬ್ಬರದು ಹಿಡಿಯಿತು, ಇನ್ನೊಬ್ಬರದು ಹಿಡಿಯಲಿಲ್ಲ ಎಂದರೆ ಬೇರೆ ಕಾರಣ ಹೇಳಲು ನಮ್ಮ ಬಳಿ ಏನಿತ್ತು?

ಆ ಕತ್ತಲೆಯೊಳಕ್ಕೆ ಒಂದು ಕಿಂಡಿ ತೆರೆದ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ಫ್ಲೋರಿನ್ ಎಂಬ ಮೂಲಧಾತು, ಅದನ್ನು ಹೊತ್ತ ಔಷಧಗಳು, ಅವುಗಳ ಜಾಡು ಹಿಡಿಯುವ ಕಾಂತೀಯ ಅನುರಣನವೆಂಬ ವಿದ್ಯೆ, ಈ ಮೂರೂ ಕೂಡಿದ ಕಥೆ ಇದು. ಕನ್ನಡದ ಮೇಷ್ಟ್ರಿಗೆ ಈ ಉಸಾಬರಿ ಏಕೆಂದು ಕೇಳುಗರು ಕೇಳಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯ ನೀರಿಗೂ ನೆಲಕ್ಕೂ ರೋಗಕ್ಕೂ ಈ ಕಥೆಗೂ ನಂಟಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮದೇ ಬೆಂಗಳೂರಿನಲ್ಲಿ. ನಮ್ಮ ಮನೆಯ ಚರಿತ್ರೆಯನ್ನು ನಾವೇ ಮರೆತರೆ ಇನ್ನಾರು ನೆನೆಯಬೇಕು?

ಮೊದಲು ಶ್ರೀರಂಗಪಟ್ಟಣದ ಜ್ವರದ ಮಾತು. 1799ರ ಮೇ 4ರಂದು ಕೋಟೆ ಬಿದ್ದಿತು. ಇಂಗ್ಲಿಷರ ದಂಡು ದ್ವೀಪದಲ್ಲಿ ಬೀಡುಬಿಟ್ಟಿತು. ಟಿಪ್ಪುವಿನ ಸೈನ್ಯ ಮಾಡಲಾಗದ ಕೆಲಸವನ್ನು ಅಲ್ಲಿಯ ಸೊಳ್ಳೆಗಳು ಮಾಡಿದವು. ಸುತ್ತಲೂ ಕಾವೇರಿ, ಕಾಲುವೆ, ಗದ್ದೆ. ಚಳಿಜ್ವರದಿಂದ ಸಿಪಾಯಿಗಳು ಮಲಗಿದರು. 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಬಂದು ಅಲ್ಲಿ ದಂಡುಪ್ರದೇಶ ಬೆಳೆಯಿತು. ಇಂದಿನ ಬೆಂಗಳೂರಿನ ಅರ್ಧ ಚರಿತ್ರೆ ಶ್ರೀರಂಗಪಟ್ಟಣದ ಜ್ವರದಿಂದ ಹುಟ್ಟಿತೆಂದರೆ ಹೆಚ್ಚಿನ ಉತ್ಪ್ರೇಕ್ಷೆಯಾಗದು. ಆ ಕಾಲದ ದಂಡಿನ ವೈದ್ಯರ ಕೈಯಲ್ಲಿದ್ದ ದೊಡ್ಡ ಔಷಧ ಸಿಂಕೋನಾ ಮರದ ತೊಗಟೆಯ ಪುಡಿ. ತೊಗಟೆಯಲ್ಲಿ ಕೆಲಸ ಮಾಡುವುದು ಯಾವ ವಸ್ತು ಎಂಬುದು ಗೊತ್ತಾದದ್ದು 1820ರಲ್ಲಿ, ಫ್ರಾನ್ಸಿನ ಪೆಲ್ಲೆತಿಯೇ ಮತ್ತು ಕಾವಾಂತೂ ಕ್ವಿನೈನನ್ನು ಬೇರ್ಪಡಿಸಿದಾಗ. ಅದು ಎದುರಿಸುವ ವೈರಿ ಯಾರೆಂದು ತಿಳಿದದ್ದು 1880ರಲ್ಲಿ, ಲವರಾನ್ ರೋಗಿಯ ರಕ್ತದಲ್ಲಿ ಪರೋಪಜೀವಿಯನ್ನು ಕಂಡಾಗ. ಅಲ್ಲಿಯವರೆಗೂ ಔಷಧವಿತ್ತು, ಗುಣವೂ ಆಗುತ್ತಿತ್ತು. ಮದ್ದು ಯಾರನ್ನು ಎಲ್ಲಿ ಹಿಡಿಯಿತೆಂಬುದು ಮಾತ್ರ ತಿಳಿಯದು. ಮುಂದೆ ಕನ್ನಂಬಾಡಿ ಕಟ್ಟೆಯಾಗಿ ನಾಲೆಯ ನೀರು ಹರಿದಾಗ ಮಂಡ್ಯದ ಬಯಲಿಗೆ ಬತ್ತ ಕಬ್ಬುಗಳ ಜೊತೆಗೆ ಚಳಿಜ್ವರವೂ ಬಂದಿತು. ಕ್ವಿನೈನಿನ ಕಹಿ ಮನೆಮಾತಾಯಿತು.

ಇನ್ನು ನೀರಿನ ಇನ್ನೊಂದು ಮುಖ. ನಾಲೆಯ ನೀರು ತಲಪಿದ ಸೀಮೆಯ ಕಷ್ಟ ಒಂದು ಬಗೆಯಾದರೆ, ತಲಪದ ಸೀಮೆಯದು ಮತ್ತೊಂದು ಬಗೆ. ಪಾಂಡವಪುರದ ಕುಂತಿಬೆಟ್ಟವನ್ನೋ ಮೇಲುಕೋಟೆಯ ಗುಡ್ಡಗಳನ್ನೋ ನೋಡಿದವರಿಗೆ ನಮ್ಮ ನೆಲದ ಅಡಿಯಲ್ಲಿ ಏನಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಕಗ್ಗಲ್ಲು ಮತ್ತು ಪದರಗಲ್ಲುಗಳ ಈ ಹಾಸು ಕೋಟ್ಯಂತರ ವರ್ಷಗಳಿಂದ ಸವೆಯುತ್ತ ಬಂದಿದೆ. ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರಿನ್ ಸೇರಿಕೊಂಡಿರುತ್ತದೆ. ಕಲ್ಲು ಸವೆದಂತೆ ಅದು ಫ್ಲೋರೈಡಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಬಾವಿ ಆಳವಾದಷ್ಟೂ, ನೀರು ಕಲ್ಲಿನ ಸಹವಾಸದಲ್ಲಿ ಹೆಚ್ಚು ಕಾಲ ಇದ್ದಷ್ಟೂ, ಅದರ ಪ್ರಮಾಣ ಏರುವುದು ಸಾಮಾನ್ಯ. ಒಂದು ಲೀಟರು ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಗತಿಯಿಲ್ಲದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಈ ಮಿತಿಯನ್ನು ಮೀರಿದ ತಾಣಗಳುಳ್ಳ ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಮಂಡ್ಯವೂ ಉಂಟು. ಮಿತಿಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಮೂಳೆ ಗಡುಸಾಗಿ ಕೀಲುಗಳು ಬಿಗಿಯುತ್ತವೆ. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ಸರಿಯಾಗಿ ವರ್ಣಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಮೂಳೆಯೊಳಗೆ ಮನೆಮಾಡಿದ ಫ್ಲೋರೈಡನ್ನು ಕರಗಿಸಿ ಹೊರದೂಡುವ ಮದ್ದು ಇಂದಿಗೂ ಇಲ್ಲ. ನೀರು ಬದಲಿಸುವುದೊಂದೇ ದಾರಿ.

ಫ್ಲೋರಿನ್ ಸ್ವಭಾವತಃ ಸೌಮ್ಯವಾದುದಲ್ಲ. ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲು ಹೊರಟ ರಸಾಯನವಿಜ್ಞಾನಿಗಳ ಪಾಡು ಯುದ್ಧಕ್ಕೆ ಹೋದವರ ಪಾಡಿನಂತಿದೆ. ಬೆಲ್ಜಿಯಂನ ಲೂಯೆ, ಫ್ರಾನ್ಸಿನ ನಿಕ್ಲೆಸ್ ಈ ಪ್ರಯತ್ನದಲ್ಲಿಯೇ ಜೀವ ತೆತ್ತರು. ಗಾಯಗೊಂಡವರು ಇನ್ನೂ ಹಲವರು. ಕಡೆಗೆ 1886ರಲ್ಲಿ ಪ್ಯಾರಿಸ್ಸಿನ ಆನ್ರಿ ಮ್ವಾಸಾನ್ ಪ್ಲಾಟಿನಂ ಪಾತ್ರೆಯಲ್ಲಿ ವಿದ್ಯುತ್ತನ್ನು ಹಾಯಿಸಿ ಅದನ್ನು ಹಿಡಿದ. 1906ರಲ್ಲಿ ನೊಬೆಲ್ ಪುರಸ್ಕಾರ ಪಡೆದ. ಕೆಲವೇ ತಿಂಗಳಲ್ಲಿ ತೀರಿಕೊಂಡ.

ಇಷ್ಟು ಉಗ್ರವಾದ ಈ ಧಾತುವೇ ಒಮ್ಮೆ ಇಂಗಾಲದ ಕೈಹಿಡಿದರೆ ಅತ್ಯಂತ ನಿಷ್ಠಾವಂತ ಸಂಗಾತಿ. ಅವೆರಡರ ಬಂಧ ಸಾವಯವ ರಸಾಯನಶಾಸ್ತ್ರದಲ್ಲಿ ಅತಿ ಬಲವಾದವುಗಳಲ್ಲಿ ಒಂದು. ಗಾತ್ರದಲ್ಲಿ ಅದು ಜಲಜನಕಕ್ಕಿಂತ ಸ್ವಲ್ಪವೇ ದೊಡ್ಡದು. ಆದ್ದರಿಂದ ಔಷಧದ ಅಣುವಿನಲ್ಲಿ ಒಂದು ಜಲಜನಕವನ್ನು ತೆಗೆದು ಆ ಜಾಗದಲ್ಲಿ ಫ್ಲೋರಿನ್ ಕೂರಿಸಿದರೆ ಆಕಾರ ಹೆಚ್ಚು ಕೆಡುವುದಿಲ್ಲ, ಗುಣ ಮಾತ್ರ ಬದಲಾಗುತ್ತದೆ. 1950ರ ದಶಕದ ಆರಂಭದಲ್ಲಿ ಜೋಸೆಫ್ ಫ್ರೀಡ್ ಮತ್ತು ಎಮಿಲಿ ಸಾಬೊ ಒಂದು ಹಾರ್ಮೋನಿಗೆ ಫ್ಲೋರಿನ್ ಜೋಡಿಸಿ ಅದರ ಶಕ್ತಿ ಹಲವು ಮಡಿ ಹೆಚ್ಚಿದುದನ್ನು ಕಂಡರು. ಅಲ್ಲಿಂದ ಮುಂದೆ ಈ ದಾರಿ ರಾಜಬೀದಿಯಾಯಿತು. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಐದರಲ್ಲಿ ಒಂದು ಫ್ಲೋರಿನನ್ನು ಹೊತ್ತಿದೆ. ಕೃಷ್ಣರಾಜಪೇಟೆಯ ಯಾವುದೇ ಔಷಧದಂಗಡಿಯ ಕಪಾಟನ್ನು ನೋಡಿ: ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಕೊಬ್ಬಿಗೆ ಕೊಡುವ ಅಟೊರ್ವಾಸ್ಟಾಟಿನ್, ಮನಸ್ಸಿನ ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್, ಎಲ್ಲವೂ ಆ ಗುಂಪಿನವೇ. ಕ್ವಿನೈನಿನ ವಂಶಕ್ಕೆ ಸೇರಿದ ಮೆಫ್ಲೊಕ್ವಿನ್ ಎಂಬ ಮಲೇರಿಯಾ ಔಷಧದ ಒಂದೊಂದು ಅಣುವಿನಲ್ಲೂ ಆರು ಫ್ಲೋರಿನ್ ಪರಮಾಣುಗಳಿವೆ. ಬಾವಿಯ ನೀರಿನಲ್ಲಿ ಯಾವುದನ್ನು ಕಳೆಯಲು ಹೆಣಗುತ್ತೇವೋ ಅದನ್ನೇ ಮಾತ್ರೆಯಲ್ಲಿ ಹಣ ಕೊಟ್ಟು ತರುತ್ತೇವೆ. ರೂಪ ಬೇರೆ, ನಡೆ ಬೇರೆ, ಧಾತು ಒಂದೇ.

ಈ ಔಷಧಗಳಲ್ಲಿ ನಮ್ಮ ಕಥೆಗೆ ಬಹಳ ಬೇಕಾದುದು ಒಂದು. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡೆಲ್ಬರ್ಗರ್ ಮತ್ತು ಸಂಗಡಿಗರು ಫ್ಲೋರೊಯುರಾಸಿಲ್ ಎಂಬ ಕ್ಯಾನ್ಸರ್ ಔಷಧವನ್ನು ಲೋಕಕ್ಕೆ ತಿಳಿಸಿದರು. ಯುರಾಸಿಲ್ ಎಂಬುದು ಜೀವಕೋಶದ ಸಹಜ ಸಾಮಗ್ರಿ. ಕ್ಯಾನ್ಸರ್ ಗಂಟುಗಳು ಅದನ್ನು ಹೆಚ್ಚು ಆಸೆಯಿಂದ ಬಳಸುತ್ತವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದ್ದವು. ಅದರ ಐದನೆಯ ಸ್ಥಾನದ ಜಲಜನಕವನ್ನು ತೆಗೆದು ಫ್ಲೋರಿನ್ ಇಟ್ಟರು. ಕೋಶ ಅದನ್ನು ತನ್ನದೇ ಎಂದು ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಹೊಕ್ಕ ಮೇಲೆ ಹೊಸ ಡಿಎನ್‌ಎ ಕಟ್ಟಲು ಬೇಕಾದ ಕಿಣ್ವದ ಕೈಯನ್ನೇ ಅದು ಕಟ್ಟಿಹಾಕುತ್ತದೆ. ಕರುಳಿನ, ಸ್ತನದ, ಹೊಟ್ಟೆಯ ಕ್ಯಾನ್ಸರಿಗೆ ಈ ಔಷಧ ಇಂದಿಗೂ ಕೊಡಲ್ಪಡುತ್ತಿದೆ. ಆದರೆ ಚುಚ್ಚಿದ ಔಷಧದಲ್ಲಿ 100ಕ್ಕೆ 80ಕ್ಕಿಂತ ಹೆಚ್ಚಿನ ಪಾಲನ್ನು ದೇಹ, ಮುಖ್ಯವಾಗಿ ಯಕೃತ್ತು, ಒಡೆದು ಹಾಕಿಬಿಡುತ್ತದೆ. ಉಳಿದ ಅಲ್ಪಾಂಶ ಗಂಟನ್ನು ತಲಪಿತೇ? ಯಾರಲ್ಲಿ ತಲಪಿತು, ಯಾರಲ್ಲಿ ಇಲ್ಲ? ಪ್ರಶ್ನೆ ಮತ್ತೆ ಶ್ರೀರಂಗಪಟ್ಟಣದ ತೊಗಟೆಪುಡಿಯದೇ.

ಉತ್ತರಕ್ಕೆ ಬೇಕಾದ ವಿದ್ಯೆ ಔಷಧಶಾಸ್ತ್ರದ ಮನೆಯಲ್ಲಿ ಹುಟ್ಟಲಿಲ್ಲ. ಕೇವಲ ಭೌತವಿಜ್ಞಾನದ ಕುತೂಹಲದಿಂದ ಹುಟ್ಟಿತು. 1946ರಲ್ಲಿ ಸ್ಟ್ಯಾನ್‌ಫರ್ಡಿನ ಫೆಲಿಕ್ಸ್ ಬ್ಲಾಕ್ ಮತ್ತು ಹಾರ್ವರ್ಡಿನ ಎಡ್ವರ್ಡ್ ಪರ್ಸೆಲ್, ಒಬ್ಬರಿಗೊಬ್ಬರು ಅರಿಯದೆ ದುಡಿದು, ಒಂದೇ ಫಲವನ್ನು ಪ್ರಕಟಿಸಿದರು. ತಂಬೂರಿಯ ಒಂದು ತಂತಿಯನ್ನು ಮೀಟಿದಾಗ ಅದೇ ಶ್ರುತಿಗೆ ಕೂಡಿಸಿದ ಇನ್ನೊಂದು ತಂತಿ ತಾನಾಗಿ ಮಿಡಿಯುವುದನ್ನು ನಾವು ಬಲ್ಲೆವು. ಕೆಲವು ಪರಮಾಣುಗಳ ಬೀಜಕೇಂದ್ರಗಳೂ ಹಾಗೆಯೇ. ಅವನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟರೆ ಪ್ರತಿಯೊಂದು ಜಾತಿಯೂ ತನ್ನದೇ ಶ್ರುತಿಗೆ ಕೂಡಿಕೊಳ್ಳುತ್ತದೆ. ಅದೇ ಶ್ರುತಿಯ ರೇಡಿಯೊ ಅಲೆಯನ್ನು ಕಳುಹಿಸಿದರೆ ಮಿಡಿದು ಮರುದನಿ ಕೊಡುತ್ತದೆ. ಇದೇ ಬೀಜಕೇಂದ್ರದ ಕಾಂತೀಯ ಅನುರಣನ. ರೇಡಿಯೊ ಕೇಳುವವರಿಗೆ ಇದನ್ನು ರೇಡಿಯೊದಲ್ಲಿ ಹೇಳುವುದು ಯೋಗ್ಯವೇ ಸರಿ. ಇಬ್ಬರಿಗೂ 1952ರ ನೊಬೆಲ್ ಪುರಸ್ಕಾರ ಬಂದಿತು.

ಹೀಗೆ ಮಿಡಿಯುವ ಬೀಜಕೇಂದ್ರಗಳಲ್ಲಿ ಮೊದಲ ಸ್ಥಾನ ಜಲಜನಕದ್ದು. ಅದಕ್ಕೆ ಹತ್ತಿರದ ಗಟ್ಟಿ ದನಿ ಫ್ಲೋರಿನ್ನಿನದು. ಪ್ರಕೃತಿಯಲ್ಲಿ ಸಿಕ್ಕುವ ಫ್ಲೋರಿನ್ ಎಲ್ಲವೂ 19 ಎಂಬ ತೂಕದ ಒಂದೇ ಬಗೆ. ಅದರ ಶ್ರುತಿ ಜಲಜನಕದ ಶ್ರುತಿಗೆ 100ಕ್ಕೆ 94ರಷ್ಟು. 1950ರಲ್ಲಿ ಡಿಕಿನ್ಸನ್ ಎಂಬ ವಿಜ್ಞಾನಿ ಒಂದು ವಿಚಿತ್ರವನ್ನು ಗಮನಿಸಿದ. ಬೇರೆ ಬೇರೆ ಸಂಯುಕ್ತಗಳಲ್ಲಿರುವ ಫ್ಲೋರಿನ್ ಸ್ವಲ್ಪ ಬೇರೆ ಬೇರೆ ಶ್ರುತಿಯಲ್ಲಿ ಮಿಡಿಯುತ್ತಿತ್ತು. ಅದೇ ವರ್ಷ ಪ್ರಾಕ್ಟರ್ ಮತ್ತು ಯು ಸಾರಜನಕದಲ್ಲಿ ಇದನ್ನೇ ಕಂಡಿದ್ದರು. ನಾನು ಬಲ್ಲ ಕ್ಷೇತ್ರದಿಂದ ಹೋಲಿಕೆ ಕೊಡುವುದಾದರೆ ಇದು ಮಾತಿನ ಧಾಟಿಯಂತೆ. ಕನ್ನಡ ಒಂದೇ, ಆದರೆ ಎರಡು ಮಾತು ಆಡಿಸಿದರೆ ಇವರು ಮಂಡ್ಯದ ಕಡೆಯವರೋ ಧಾರವಾಡದವರೋ ಮಂಗಳೂರಿನವರೋ ತಿಳಿಯುತ್ತದೆ. ನೆರೆಹೊರೆ ನಾಲಗೆಯನ್ನು ತಿದ್ದುತ್ತದೆ. ಫ್ಲೋರಿನ್ನಿನ ದನಿಯನ್ನೂ ಅದರ ನೆರೆಹೊರೆಯ ಪರಮಾಣುಗಳು ತಿದ್ದುತ್ತವೆ. ಅಣು ಬದಲಾದರೆ ಧಾಟಿ ಬದಲಾಗುತ್ತದೆ. ಜಲಜನಕದ ಧಾಟಿಗಳ ವ್ಯತ್ಯಾಸ ಬಹು ಕಿರಿದು. ಫ್ಲೋರಿನ್ನಿನದು ಅದರ ಹತ್ತಾರು ಪಟ್ಟು ವಿಶಾಲ. ದನಿ ಕೇಳಿದರೆ ಸಾಕು, ಅಣುವಿನ ಊರು ಹೇಳಬಹುದು.

ಈ ಧಾಟಿಯ ಶಾಸ್ತ್ರಕ್ಕೆ ನಮ್ಮವರ ಕಾಣಿಕೆ ಉಂಟು. 1951ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಹೊರಬಂದ ಒಂದು ಪುಟ್ಟ ಪ್ರಬಂಧ, ಮದ್ಯಸಾರದ ಒಂದೇ ಅಣುವಿನಲ್ಲಿರುವ ಜಲಜನಕಗಳು ಮೂರು ಬೇರೆ ಧಾಟಿಯಲ್ಲಿ ಮಾತನಾಡುವುದನ್ನು ತೋರಿಸಿತು. ಆ ಪ್ರಬಂಧದ ಮೂವರು ಕರ್ತೃಗಳಲ್ಲಿ ಒಬ್ಬರು ಎಸ್. ಎಸ್. ಧರ್ಮಟ್ಟಿ, ಬೆಳಗಾವಿ ಸೀಮೆಯ ಒಂದು ಊರನ್ನು ನೆನಪಿಗೆ ತರುವ ಹೆಸರು. ಅವರು ಭಾರತಕ್ಕೆ ಮರಳಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದರು.

ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಇನ್ನೊಂದು ಪ್ರಶ್ನೆ ಹಾಕಿಕೊಂಡಿದ್ದರು. ನಿಂತ ನೀರನ್ನು ಅಯಸ್ಕಾಂತದ ನಡುವೆ ಇಟ್ಟು ರೇಡಿಯೊ ಅಲೆಯನ್ನು ಎಡೆಬಿಡದೆ ಕಳುಹಿಸಿದರೆ ಬೀಜಕೇಂದ್ರಗಳು ದಣಿದು ದನಿ ಕುಗ್ಗುತ್ತದೆ. ನೀರು ಹರಿಯುತ್ತಿದ್ದರೆ? ಅವರು ನಳಿಕೆಯಲ್ಲಿ ನೀರನ್ನು ಹರಿಸಿ ನೋಡಿದರು. ದಣಿದವು ಮುಂದೆ ಸಾಗಿ, ದಣಿಯದ ಹೊಸವು ಅವುಗಳ ಜಾಗಕ್ಕೆ ಬರುವುದರಿಂದ ದನಿ ಹೆಚ್ಚಿತು. ದನಿಯ ಏರಿಳಿತದಿಂದ ಹರಿವಿನ ವೇಗವನ್ನೇ ಊಹಿಸುವ ದಾರಿ ತೆರೆಯಿತು. ಈ ಪ್ರಬಂಧ ಅಚ್ಚಾದದ್ದು ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. 1959ರಲ್ಲಿ ಅಮೆರಿಕದ ಸಿಂಗರ್ ಇಲಿಯ ಬಾಲದಲ್ಲಿ ಹರಿಯುವ ರಕ್ತವನ್ನು ಅನುರಣನದಿಂದ ಅಳೆದ. ಇಂದು ಎಂ.ಆರ್.ಐ. ಯಂತ್ರದಲ್ಲಿ ಮೆದುಳಿನ ರಕ್ತನಾಳಗಳ ಚಿತ್ರ ತೆಗೆಯುವಾಗ, ಹರಿಯುವುದು ಹೊಳೆಯುತ್ತದೆ ನಿಂತದ್ದು ಮಂಕಾಗುತ್ತದೆ ಎಂಬ ಉಪಾಯದ ಬೇರಿನಲ್ಲಿ ಸೂರ್ಯನ್ನರ ಈ ನಳಿಕೆ ಇದೆ. ವಿದೇಶದ ಚರಿತ್ರಕಾರರು ಇದನ್ನು ಮೊದಲ ಹೆಜ್ಜೆಯೆಂದು ಹೆಸರಿಸುತ್ತಾರೆ. ನಮ್ಮಲ್ಲಿ ಆ ಹೆಸರನ್ನು ಬಲ್ಲವರು ಎಷ್ಟು ಮಂದಿ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಮುಂದಿನ ಅಧ್ಯಾಯ ದೇಹದೊಳಗಿನದು. 1973ರಲ್ಲಿ ಪಾಲ್ ಲಾಟರ್ಬರ್ ಅನುರಣನದ ದನಿಯಿಂದ ಚಿತ್ರ ಬಿಡಿಸುವ ಬಗೆಯನ್ನು ತೋರಿಸಿದ; ಪೀಟರ್ ಮ್ಯಾನ್ಸ್‌ಫೀಲ್ಡ್ ಅದಕ್ಕೆ ವೇಗ ಕೊಟ್ಟ; ಇಬ್ಬರಿಗೂ 2003ರಲ್ಲಿ ನೊಬೆಲ್ ಬಂದಿತು. 1977ರಲ್ಲಿಯೇ ಫ್ಲೋರಿನ್ನಿನ ದನಿಯಿಂದ ಮೊದಲ ಚಿತ್ರ ಮೂಡಿತು. ಇಲ್ಲಿ ಫ್ಲೋರಿನ್ನಿಗೆ ಒಂದು ಅಪೂರ್ವ ಅನುಕೂಲವಿದೆ. ದೇಹದ ತುಂಬ ನೀರು, ಕೊಬ್ಬು. ಆದ್ದರಿಂದ ಜಲಜನಕದ ದನಿ ಜಾತ್ರೆಯ ಗದ್ದಲದಂತೆ. ಫ್ಲೋರಿನ್ನಾದರೋ ದೇಹದಲ್ಲಿ ಇರುವುದು ಹಲ್ಲು ಮೂಳೆಗಳಲ್ಲಿ, ಘನ ಹರಳಿನೊಳಗೆ ಸೆರೆಯಾಗಿ. ಅಲುಗಾಡಲಾಗದ ಆ ಫ್ಲೋರಿನ್ನಿನ ದನಿ ಹುಟ್ಟಿದ ಕ್ಷಣವೇ ಸಾಯುತ್ತದೆ, ಯಂತ್ರಕ್ಕೆ ಕೇಳಿಸುವುದಿಲ್ಲ. ನಮ್ಮ ಒಣಸೀಮೆಯ ಮುದುಕನೊಬ್ಬನ ಮೂಳೆಯಲ್ಲಿ ಐವತ್ತು ವರ್ಷದ ಬಾವಿನೀರಿನ ಫ್ಲೋರೈಡ್ ತುಂಬಿರಲಿ, ಈ ಯಂತ್ರದ ಮುಂದೆ ಅದು ಮೂಕ. ಅವನಿಗೆ ಕೊಟ್ಟ ಔಷಧದ ಫ್ಲೋರಿನ್ ಮಾತ್ರ ದ್ರವದಲ್ಲಿ ತೇಲುತ್ತ ಸ್ಪಷ್ಟವಾಗಿ ನುಡಿಯುತ್ತದೆ. ನಿಶ್ಶಬ್ದವಾದ ಮನೆಯಲ್ಲಿ ಒಬ್ಬನೇ ಮಾತನಾಡಿದಂತೆ.

1984ರಲ್ಲಿ ಇಂಗ್ಲೆಂಡಿನ ಸ್ಟೀವನ್ಸ್, ಗ್ರಿಫಿತ್ಸ್ ಮತ್ತು ಸಂಗಡಿಗರು ಜೀವಂತ ಇಲಿಯ ಯಕೃತ್ತಿನಲ್ಲೂ ಕ್ಯಾನ್ಸರ್ ಗಂಟಿನಲ್ಲೂ ಫ್ಲೋರೊಯುರಾಸಿಲ್ ಮಾರ್ಪಡುವುದನ್ನು ಕೊಯ್ಯದೆ, ಚುಚ್ಚದೆ ಆಲಿಸಿದರು. ಮೂಲ ಔಷಧದ ಧಾಟಿ ಒಂದೆಡೆ, ಒಡೆದು ಬಂದ ಪದಾರ್ಥದ ಧಾಟಿ ಇನ್ನೊಂದೆಡೆ, ಕೋಶದೊಳಗೆ ಕೆಲಸಕ್ಕೆ ನಿಂತ ರೂಪದ ಧಾಟಿ ಮತ್ತೊಂದೆಡೆ. 1987ರಲ್ಲಿ ವಾಲ್ಟರ್ ವುಲ್ಫ್ ಮತ್ತು ಸಂಗಡಿಗರು ಚಿಕಿತ್ಸೆ ಪಡೆಯುತ್ತಿದ್ದ ಮನುಷ್ಯರ ಯಕೃತ್ತಿನಲ್ಲಿಯೇ ಇದನ್ನು ಕಂಡರು. 1994ರಲ್ಲಿ ಪ್ರೆಸಾಂಟ್, ವುಲ್ಫ್ ಮೊದಲಾದವರು ಮುಖ್ಯವಾದೊಂದು ಫಲವನ್ನು ಪ್ರಕಟಿಸಿದರು. ಕೆಲವರ ಗಂಟಿನಲ್ಲಿ ಔಷಧ ಬಂದಷ್ಟೇ ಬೇಗ ಹೊರಟುಹೋಗುತ್ತದೆ. ಇನ್ನು ಕೆಲವರಲ್ಲಿ ಅದು ಅರ್ಧಕ್ಕಿಳಿಯಲು 20 ನಿಮಿಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಔಷಧವನ್ನು ಹೀಗೆ ಹಿಡಿದಿಟ್ಟುಕೊಂಡವರಲ್ಲಿಯೇ ಗುಣ ಕಾಣುವ ಸಂಭವ ಹೆಚ್ಚು. ‘ಔಷಧ ಹಿಡಿಯಿತು’ ಎಂದು ನಮ್ಮ ಹಳ್ಳಿಗರು ಆಡುವ ಮಾತು ಅಕ್ಷರಶಃ ನಿಜವಾಯಿತು! ವೈದ್ಯನ ಕೈಗುಣವೆಂದು ನಾವು ಕರೆದುದರ ಒಂದು ಪಾಲು ರೋಗಿಯ ದೇಹದ ಗುಣವಾಗಿತ್ತು.

1990ರ ದಶಕದ ಮೊದಲಲ್ಲಿ ಅಮೆರಿಕದ ಅರ್ಕನ್ಸಾದ ವೈದ್ಯರು ಖಿನ್ನತೆಯ ಔಷಧವಾದ ಫ್ಲುವಾಕ್ಸೆಟಿನ್ನನ್ನು ರೋಗಿಗಳ ಮೆದುಳಿನಲ್ಲಿಯೇ ಅಳೆದರು. ಅದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಮೆದುಳಿನಲ್ಲಿ ಬಹು ಹೆಚ್ಚು. ಅಲ್ಲಿ ಅದು ತಿಂಗಳುಗಟ್ಟಲೆ ಮೆಲ್ಲಗೆ ಏರುತ್ತದೆ. ಎರಡು ವಾರ ನುಂಗಿ ಏನೂ ಆಗಲಿಲ್ಲವೆಂದು ಮಾತ್ರೆ ಬಿಡುವ ಮನೆಮಂದಿಗೆ ಹೇಳಬೇಕಾದ ಮಾತಿದು. ಫ್ರಾನ್ಸಿನ ತುಲೂಸ್ ನಗರದಲ್ಲಿ ಮಾಲೆ-ಮಾರ್ಟಿನೊ ಮತ್ತು ಸಂಗಡಿಗರು 1992ರಲ್ಲಿ ಬೇರೊಂದು ಎಚ್ಚರಿಕೆ ಕೊಟ್ಟರು. ಫ್ಲೋರೊಯುರಾಸಿಲ್ ಪಡೆದ ಕೆಲವರ ಹೃದಯಕ್ಕೆ ತೊಂದರೆಯಾಗುವುದರ ಕಾರಣವನ್ನು ಹುಡುಕುತ್ತ, ಕ್ಷಾರದ್ರವದಲ್ಲಿಟ್ಟ ಸೀಸೆಯೊಳಗೇ ಔಷಧ ಕಿಂಚಿತ್ತು ಕೆಡುವುದನ್ನೂ, ಆ ಕೆಟ್ಟ ಅಂಶ ದೇಹದಲ್ಲಿ ಇಲಿಪಾಷಾಣವಾಗಿ ಬಳಕೆಯಲ್ಲಿದ್ದ ಫ್ಲೋರೊ ಅಸಿಟೇಟಾಗಿ ಮಾರ್ಪಡುವುದನ್ನೂ ಫ್ಲೋರಿನ್ನಿನ ಧಾಟಿಯಿಂದಲೇ ಗುರುತಿಸಿದರು. ಮದ್ದು ಎಂಬ ಶಬ್ದದ ಎರಡು ಅರ್ಥಗಳು ಒಂದೇ ಸೀಸೆಯಲ್ಲಿದ್ದವು!

ಇಷ್ಟೆಲ್ಲ ತಿಳಿದ ಮೇಲೂ ಈ ಪರೀಕ್ಷೆ ಊರೂರಿನ ಆಸ್ಪತ್ರೆಗೆ ಏಕೆ ಬರಲಿಲ್ಲ? ಕಾರಣ ಸರಳವಾಗಿದೆ. ದೇಹದ ನೀರಿನ ಜಲಜನಕಕ್ಕೆ ಹೋಲಿಸಿದರೆ ಔಷಧದ ಫ್ಲೋರಿನ್ ಲಕ್ಷಕ್ಕೊಂದು ಪಾಲೂ ಇರಲಾರದು. ಮನೆ ನಿಶ್ಶಬ್ದವೇನೋ ಹೌದು, ಆದರೆ ಮಾತನಾಡುವವನ ದನಿ ಬಹು ಕ್ಷೀಣ. ಹಲವು ನಿಮಿಷ ಕಿವಿಗೊಟ್ಟು ಕೂಡಿಸಿದರಷ್ಟೇ ಅರ್ಥವಾಗುತ್ತದೆ. ಚೂಪಾದ ಚಿತ್ರ ಮೂಡುವುದಿಲ್ಲ. ಮೇಲಾಗಿ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರ ಜಲಜನಕಕ್ಕೆ ಮಾತ್ರ ಶ್ರುತಿಮಾಡಿದ್ದು. 1.5 ಟೆಸ್ಲಾ ಬಲದ ಯಂತ್ರದಲ್ಲಿ ಜಲಜನಕ ಸುಮಾರು 63.9 ಮೆಗಾಹರ್ಟ್ಸ್‌ನಲ್ಲಿ ಮಿಡಿದರೆ ಫ್ಲೋರಿನ್ ಸುಮಾರು 60.1ರಲ್ಲಿ ಮಿಡಿಯುತ್ತದೆ. ಪಕ್ಕದ ನಿಲಯವೇ, ಆದರೆ ಮುಳ್ಳು ಅಲ್ಲಿಗೆ ತಿರುಗದ ರೇಡಿಯೊ ಇದು. ಅದಕ್ಕೆ ಬೇರೆ ಸುರುಳಿ, ಬೇರೆ ಉಪಕರಣ, ಬಲ್ಲ ಜನ ಬೇಕು. ಪೆಟ್ ಎಂಬ ಪರೀಕ್ಷೆಯಲ್ಲಿಯೂ ಫ್ಲೋರಿನ್ ಇದೆಯಲ್ಲ ಎಂದು ತಿಳಿದವರು ಕೇಳಬಹುದು. ಅದು 18 ಎಂಬ ತೂಕದ, ಸುಮಾರು 110 ನಿಮಿಷಕ್ಕೆ ಅರ್ಧ ಕರಗುವ ವಿಕಿರಣಶೀಲ ಫ್ಲೋರಿನ್. ಅತಿ ಸೂಕ್ಷ್ಮ ಪ್ರಮಾಣವನ್ನೂ ಅದು ಕಾಣಿಸುತ್ತದೆ. ಆದರೆ ಧಾತು ಎಲ್ಲಿದೆಯೆಂದು ಹೇಳುವುದೇ ಹೊರತು ಔಷಧ ಇಡಿಯಾಗಿ ಉಳಿದಿದೆಯೋ ಒಡೆದುಹೋಗಿದೆಯೋ ಹೇಳದು. ದೀಪ ಕಾಣುತ್ತದೆ, ಧಾಟಿ ಕೇಳುವುದಿಲ್ಲ.

ಆದರೂ ಕಥೆ ನಿಂತಿಲ್ಲ. ಫ್ಲೋರೊಯುರಾಸಿಲ್ಲಿನ ಮಾತ್ರೆಯ ರೂಪವೆನ್ನಬಹುದಾದ ಕ್ಯಾಪೆಸಿಟಬೀನನ್ನು ಮನುಷ್ಯರ ಯಕೃತ್ತಿನಲ್ಲಿ ಡಚ್ಚರು 3 ಟೆಸ್ಲಾ ಯಂತ್ರದಿಂದ ಆಲಿಸಿ 2007ರಲ್ಲಿ ಪ್ರಕಟಿಸಿದರು. ಅದರ ಮಾರ್ಪಾಡು ಎಲ್ಲ ಕಡೆ ಒಂದೇ ಸಮನಾಗಿಲ್ಲವೆಂದು ಕಂಡರು. ಇನ್ನೊಂದು ದಿಕ್ಕಿನಿಂದಲೂ ಬೆಳಕು ಬಂದಿದೆ. ಈ ಔಷಧವನ್ನು ಒಡೆಯುವ ಯಕೃತ್ತಿನ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಮೆ. ಅಂಥವರಿಗೆ ಸಾಮಾನ್ಯ ಅಳತೆಯೇ ಪ್ರಾಣಕ್ಕೆ ಎರವಾಗಬಹುದು. ಚಿಕಿತ್ಸೆಗೆ ಮುನ್ನ ಇದನ್ನು ಪರೀಕ್ಷಿಸಬೇಕೆಂದು ಯೂರೋಪಿನ ಔಷಧ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು.

ಈಗ ನಮ್ಮ ನಾಲ್ಕು ತಾಲ್ಲೂಕಿನ ಮಾತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. ಅಲ್ಲಿ ಔಷಧವಿಜ್ಞಾನದ ಕಾಲೇಜೂ ಇದೆ. 2006ರಲ್ಲಿ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದಿತು. ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆ 1973ರಿಂದ ಬಡವರ ಕ್ಯಾನ್ಸರಿಗೆ ಬಾಗಿಲು ತೆರೆದಿದೆ. ಬೆಳಗಿನ ಬಸ್ಸಿನಲ್ಲಿ ಕೃಷ್ಣರಾಜಪೇಟೆಯಿಂದಲೋ ಪಾಂಡವಪುರದಿಂದಲೋ ಹೊರಟು ಅಲ್ಲಿಗೆ ಹೋಗುವ ರೋಗಿಗೆ ಫ್ಲೋರೊಯುರಾಸಿಲ್ ಕೊಡುವಾಗ ಅಳತೆಯನ್ನು ನಿರ್ಧರಿಸುವುದು ಮುಖ್ಯವಾಗಿ ದೇಹದ ಮೇಲ್ಮೈಯ ವಿಸ್ತೀರ್ಣದಿಂದ, ಅಂದರೆ ಎತ್ತರ ಮತ್ತು ತೂಕದಿಂದ. ಇದು ಲೋಕದ ಎಲ್ಲ ಕಡೆ ನಡೆದುಬಂದ ಪದ್ಧತಿ. ಯಾರ ಲೋಪವೂ ಅಲ್ಲ. ಆದರೆ ಕಬ್ಬಿನ ಗದ್ದೆಯಲ್ಲಿ ದುಡಿದ ದೇಹ, ಎರಡು ಹೊತ್ತು ರಾಗಿಮುದ್ದೆ ಉಂಡ ದೇಹ, ಕಚೇರಿಯಲ್ಲಿ ಕೂತ ದೇಹ, ಮೂರಕ್ಕೂ ಎತ್ತರ ತೂಕ ಒಂದೇ ಆದಾಗ ಅಳತೆಯೂ ಒಂದೇ ಆಗುತ್ತದೆ. ಒಳಗಿನ ಯಕೃತ್ತುಗಳು ಒಂದೇ ಅಲ್ಲವೆಂದು ಫ್ಲೋರಿನ್ನಿನ ದನಿ ಮೂವತ್ತು ವರ್ಷಗಳಿಗೂ ಹಿಂದೆಯೇ ಹೇಳಿದೆ.

ಪ್ರತಿಯೊಬ್ಬ ರೋಗಿಯನ್ನೂ ಅಯಸ್ಕಾಂತದೊಳಗೆ ಮಲಗಿಸಿ ಔಷಧದ ಜಾಡು ಹಿಡಿಯುವುದು ಆಗದ ಮಾತು, ಆಗಬೇಕಾಗಿಯೂ ಇಲ್ಲ. ಆದರೆ ಕೆಲವರಲ್ಲಿ ಹಿಡಿದ ಜಾಡಿನಿಂದ ಅನೇಕರಿಗೆ ದಾರಿ ಸಿಕ್ಕುತ್ತದೆ. ಆ ಕೆಲವರು ಇಂದಿನವರೆಗೆ ಹೆಚ್ಚಾಗಿ ಯೂರೋಪು ಅಮೆರಿಕಗಳ ಜನ. ನಮ್ಮ ನೀರು ಕುಡಿದು, ನಮ್ಮ ಊಟ ಉಂಡು ಬೆಳೆದವರ ದೇಹದಲ್ಲಿ ಈ ಔಷಧಗಳ ನಡೆ ಹೇಗಿದೆಯೆಂದು ಕೇಳುವವರು ನಮ್ಮವರೇ ಆಗಬೇಕು. ಅದಕ್ಕೆ ಬೇಕಾದ ಜ್ಞಾನದ ಒಂದು ಬೇರು ನಮ್ಮದೇ ನೆಲದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನುರಣನದ ಸಂಶೋಧನ ಕೇಂದ್ರ ಇಂದಿಗೂ ಕೆಲಸ ಮಾಡುತ್ತಿದೆ. ಬೆಳ್ಳೂರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ಮೂರು ಗಂಟೆಯ ಹಾದಿ. ಹಾಸಿಗೆಯ ಬಳಿಯ ಪ್ರಶ್ನೆ ಇಲ್ಲಿದೆ, ಅಯಸ್ಕಾಂತ ಅಲ್ಲಿದೆ. ಇವೆರಡರ ನಡುವೆ ಓಡಾಡುವ ಜನ ಬೇಕು.

ಪರದೇಶದಿಂದ ಬಂದ ತೊಗಟೆಯನ್ನು ಕಣ್ಣುಮುಚ್ಚಿ ನುಂಗಿದ ಶ್ರೀರಂಗಪಟ್ಟಣದ ಸಿಪಾಯಿಗೆ ಬೇರೆ ಉಪಾಯವಿರಲಿಲ್ಲ. ಇಂದಿನ ರೋಗಿಗೆ ಉಪಾಯವಿದೆ ಎಂಬುದು ಚರಿತ್ರೆ ಕೊಟ್ಟ ಭರವಸೆ. ತನಗೆ ಕೊಟ್ಟದ್ದು ಎಲ್ಲಿಗೆ ಹೋಯಿತು ಎಂದು ವೈದ್ಯರನ್ನು ಕೇಳಲು ಅವನಿಗೆ ಸಂಕೋಚ ಬೇಡ. ಈ ವಿದ್ಯೆಯನ್ನು ಬೆಳೆಸಿದವರೆಲ್ಲರೂ ಕೇಳಿದ್ದು ಆ ಒಂದು ಪ್ರಶ್ನೆಯನ್ನೇ.